ದುಡಿದವರ ರೊಟ್ಟಿ

ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ದುಡಿದು ಬಂದವರಿಗೆ. ಇದು ಯಾರೂ ಕೂತು ಮಾಡಿದ ಕಾನೂನಲ್ಲ. ಅವ್ವ ವಿಜಯಪುರದ ಕಡೆಯಿಂದ ಮುಂಬಯಿಗೆ ಬರುವಾಗ ಕಬ್ಬಿಣದ ಹಂಚಿನ ಜೊತೆ ಇದನ್ನೂ ಕಟ್ಟಿಕೊಂಡು ಬಂದಿದ್ದಳು. ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತು, ಮೊದಲ ರೊಟ್ಟಿಯೇನೂ ಎಲ್ಲಕ್ಕಿಂತ ಚಂದ ಇರುವುದಿಲ್ಲ. ಹಂಚು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಒಂದು ಮಗ್ಗುಲು ಬಿಳಿಚಿಕೊಂಡೇ ಇರುತ್ತದೆ. ಆದರೂ ಅದು ಅಪ್ಪನದು. ಅಪ್ಪ ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿ ಕೂತ ಮೇಲೆ ಆ ರೊಟ್ಟಿ ಅವನ ತಟ್ಟೆಗೆ ಬೀಳುತ್ತಿತ್ತು. ನಾನು ಮತ್ತು ತಮ್ಮ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ತಮ್ಮ ತಡೆಯಲಾರದೆ ಕೈ ಚಾಚಿದರೆ ಅವ್ವ ಹಿಟ್ಟಿನ ಕೈಯಿಂದಲೇ ಒಂದು ಬಿಡುತ್ತಿದ್ದಳು.

ಅಪ್ಪ ಗೌಂಡಿ. ಗೋಡೆ ಕಟ್ಟುವುದು, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಮೆಂಟು ಬಳಿದು ಗಿಲಾವು ಮಾಡುವುದು ಅವನ ಕಸುಬು. ಸಯನ್ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಸಿಗುವ ನಮ್ಮ ಗಲ್ಲಿಯ ಖೋಲಿಗಳೆಲ್ಲ ತಗಡಿನವು, ಆದರೆ ನಮ್ಮ ಖೋಲಿಯ ಒಂದು ಗೋಡೆ ಮಾತ್ರ ಕೈ ಆಡಿಸಿದರೆ ಜಾರುವಷ್ಟು ನುಣುಪು. ಅದು ಅಪ್ಪ ಒಂದು ಭಾನುವಾರ ಉಳಿದ ಸಿಮೆಂಟಿನಲ್ಲಿ ತೀಡಿದ್ದು. ಬಂದವರಿಗೆಲ್ಲ ಅವ್ವ ಮೊದಲು ಆ ಗೋಡೆ ತೋರಿಸಿ ಆಮೇಲೆ ಚಹಾ ಕೊಡುತ್ತಿದ್ದಳು. ಸೋರುವ ಸೂರಿನ ಕಡೆ ಯಾರೂ ನೋಡದಿರಲಿ ಎಂಬ ಜಾಣತನವೂ ಅದರಲ್ಲಿ ಇತ್ತು.

ನಾನು ಐದನೇ ಇಯತ್ತೆ ಮುಗಿಸಿದ ವರ್ಷ ಅಪ್ಪ ಹೊಸ ಬಿಲ್ಡಿಂಗಿನ ಹೊರಗೋಡೆಗೆ ಕಟ್ಟಿದ್ದ ಬಿದಿರಿನ ಮೇಲಿಂದ ಬಿದ್ದ. ಕೆಳಗೆ ಮರಳಿನ ಗುಡ್ಡೆ ಇದ್ದುದರಿಂದ ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಆಸ್ಪತ್ರೆಯಿಂದ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ. ಡಾಕ್ಟರು ಭಾರ ಎತ್ತಬೇಡ ಅಂದರು, ಬಗ್ಗಬೇಡ ಅಂದರು, ಬಹಳ ಹೊತ್ತು ನಿಲ್ಲಬೇಡ ಅಂದರು. ಭಾರ ಎತ್ತದೆ, ಬಗ್ಗದೆ, ನಿಲ್ಲದೆ ಮಾಡುವ ಗೌಂಡಿ ಕೆಲಸ ಯಾವುದು ಎಂದು ಮಾತ್ರ ಹೇಳಲಿಲ್ಲ.

ಅವ್ವ ಆಗಲೇ ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅದು ಅಪ್ಪನ ಔಷಧಿಗೇ ಸಾಲುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಗೆ ಬಂಡಲ್ ಬಂತು. ಗಲ್ಲಿಯ ಬಾಯಲ್ಲಿದ್ದ ಕಾರಖಾನೆಯಿಂದ ಹೊಲಿದ ಬಟ್ಟೆಗಳನ್ನು ಕಟ್ಟುಕಟ್ಟಾಗಿ ಮನೆಮನೆಗೆ ಕೊಡುತ್ತಿದ್ದರು. ಹೊಲಿಗೆಯ ತುದಿಗಳಲ್ಲಿ ಇಳಿಬಿದ್ದ ದಾರಗಳನ್ನು ಪುಟ್ಟ ಕಟರಿನಿಂದ ಕತ್ತರಿಸಿ ಶುಭ್ರ ಮಾಡಿ ವಾಪಸು ಕೊಡಬೇಕು. ಧಾಗಾ ಕಟಿಂಗ್ ಅಂತ ಅದರ ಹೆಸರು. ಬಂಡಲ್ ಹಂಚುವ ಮರಾಠಿ ಹೆಂಗಸು, ಎಲ್ಲರ ಮಾವಶಿ, ನನ್ನ ಬೆರಳುಗಳನ್ನು ಹಿಡಿದು, ತಿರುಗಿಸಿ ನೋಡಿ, "ಛಾನ್, ಬಾರೀಕ್ ಹೈ," ಎಂದು ಅವು ಸಪೂರ ಇರುವುದನ್ನು ಮೆಚ್ಚಿದಳು. ಪೇಟೆಯಲ್ಲಿ ಬೆಂಡೆಕಾಯಿ ನೋಡುವವರು ಹೀಗೇ ನೋಡುತ್ತಾರೆ.

ಕೆಲಸ ಕಲಿಯುವುದು ಕಷ್ಟವಾಗಲಿಲ್ಲ. ಬಟ್ಟೆಯನ್ನು ಒಳಹೊರಗು ಮಾಡಿ ಕೊರಳು, ಕಂಕುಳು, ಗುಂಡಿಯ ಹಿಂಬದಿ, ಕೊನೆಗೆ ಕೆಳಗಿನ ಮಡಿಕೆ. ಕಟರು ದಾರಕ್ಕೆ ತಾಗಬೇಕು, ಬಟ್ಟೆಗೆ ತಾಗಬಾರದು, ಅಷ್ಟೆ. ಆದರೆ ಆ ದಾರಗಳು ಮನೆಯನ್ನೆಲ್ಲ ಆವರಿಸಿಬಿಟ್ಟವು. ಕೆಂಪು ಫ್ರಾಕು ಬಂದ ವಾರ ಬೇಳೆಯಲ್ಲಿ ಕೆಂಪು ದಾರ, ನೀಲಿ ಶರ್ಟು ಬಂದ ವಾರ ಹಾಸಿಗೆಯಲ್ಲಿ ನೀಲಿ ದಾರ. ಅವ್ವ ಬೆಳಿಗ್ಗೆ ನನ್ನ ತಲೆ ಬಾಚುವಾಗ ಹೇನು ನೋಡುವುದನ್ನು ಬಿಟ್ಟು ದಾರ ಆರಿಸುತ್ತಿದ್ದಳು. ಮೊದಮೊದಲು ಸಾಲೆಯಿಂದ ಬಂದು ಕತ್ತರಿಸುತ್ತಿದ್ದೆ. ಆಮೇಲೆ ಸಾಲೆಗೆ ಹೋಗುವ ಮುಂಚೆಯೂ ಕತ್ತರಿಸಿದೆ. ಆಮೇಲೆ ಸಾಲೆ ಬಿಟ್ಟೇ ಹೋಯಿತು. ಯಾರೂ ಬಿಡಿಸಲಿಲ್ಲ, ಒಂದು ದಿನ ದೊಡ್ಡ ಆರ್ಡರು ಬಂತು, ಮರುದಿನವೂ ಬಂತು.

ನಾನು ದುಃಖಿಸುತ್ತಾ ಕೂತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷದ ಹುಡುಗಿಗೆ ಮನೆ ತನ್ನಿಂದ ನಡೆಯುತ್ತಿದೆ ಎಂದು ಗೊತ್ತಾದರೆ ಅವಳ ಗತ್ತೇ ಬೇರೆ. ತಮ್ಮನ ಪಾಟಿಚೀಲ ನನ್ನ ಕೈಯದು, ಸ್ಟೋವಿನ ಸೀಮೆಎಣ್ಣೆ ನನ್ನ ಕೈಯದು, ಅಪ್ಪನ ಬೆನ್ನಿಗೆ ಹಚ್ಚುವ ಮುಲಾಮು ನನ್ನ ಕೈಯದು. ಅಂಗಡಿಯವನು ಅವ್ವನಿಗೆ ಇಲ್ಲ ಅಂದ ಜೋಳವನ್ನು ನಾನು ಹೋದರೆ ಕೊಡುತ್ತಿದ್ದ, ಬಂಡಲ್ ಹುಡುಗಿ ಎಂಬ ಭರವಸೆಯ ಮೇಲೆ. ಬಾಗಿಲಲ್ಲಿ ಕೂತು ಕಟರು ಆಡಿಸುತ್ತಾ ತಮ್ಮನಿಗೆ ಮಗ್ಗಿ ಹೇಳಿಸುತ್ತಿದ್ದೆ, ತಪ್ಪಿದರೆ ಬೈಯುತ್ತಿದ್ದೆ, ಥೇಟ್ ದೊಡ್ಡ ಹೆಂಗಸಿನ ಹಾಗೆ. ಅವನು ಸಾಲೆಗೆ ಹೊರಟು ಗಲ್ಲಿಯ ತಿರುವಿನಲ್ಲಿ ಮರೆಯಾದ ಮೇಲೆ ಮಾತ್ರ ಕಟರು ನಿಲ್ಲುತ್ತಿತ್ತು. ಆಗ ದಾರ ಕಾಣಿಸುತ್ತಿರಲಿಲ್ಲ.

ಮೊದಲ ಸಲ ನನ್ನ ಪಗಾರ ಬಂದ ಸಂಜೆಯನ್ನು ಮರೆಯಲಾರೆ. ಅವ್ವ ಎಂದಿನಂತೆ ಮೊದಲ ರೊಟ್ಟಿ ಇಳಿಸಿ ಅಪ್ಪನ ಕಡೆ ಕೈ ಚಾಚಿದಳು. ಅಪ್ಪ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಆಕಿಗೆ ಹಾಕ. ದುಡದಾಕಿ ಆಕಿ," ಅಂದ.

"ಏನ್ರೀ, ಹುಡುಗಿ ಐತಿ ಅದು," ಅಂದಳು ಅವ್ವ.

"ಹುಡುಗಿ ಆದ್ರೇನ? ನಾ ಮತ್ತ ಕರಣಿ ಹಿಡದು ಬಂದ ದಿನಾ ನನಗ ಹಾಕವಂತಿ. ಅವತ್ತ ಇಕಿ ಸಾಲಿಗೆ ಹೋಗ್ಲಿ."

ರೊಟ್ಟಿ ನನ್ನ ತಟ್ಟೆಗೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಮ್ಮೆಯಿಂದ ಮೊದಲ ತುತ್ತು ಮುರಿದು ಅಪ್ಪನ ಕಡೆ ನೋಡಿದೆ. ಅಪ್ಪ ತಲೆ ತಗ್ಗಿಸಿ ಎರಡನೆಯ ರೊಟ್ಟಿಗಾಗಿ ಕಾಯುತ್ತಿದ್ದ. ನಮ್ಮಪ್ಪ ಯಾವುದಕ್ಕೂ ಹೀಗೆ ಕಾದದ್ದನ್ನು ನಾನು ನೋಡಿರಲಿಲ್ಲ.

ಅಂದಿನಿಂದ ನನಗೆ ಎರಡು ಆಸೆಗಳಿರಲಿಲ್ಲ, ಇದ್ದದ್ದು ಒಂದೇ. ಮೊದಲ ರೊಟ್ಟಿ ಅಪ್ಪನ ತಟ್ಟೆಗೆ ವಾಪಸು ಹೋಗಬೇಕು. ಅದು ಹೋದ ಮರುದಿನ ಬೆಳಿಗ್ಗೆ ನಾನು ಯುನಿಫಾರ್ಮ್ ಹಾಕಬೇಕು. ನಮ್ಮ ಕನ್ನಡ ಸಾಲೆಯ ಟೀಚರು, ಬಾಯಿ ಅಂತ ನಾವು ಕರೆಯುತ್ತಿದ್ದವರು, ಒಮ್ಮೆ ಮನೆಗೆ ಬಂದು, "ವರ್ಷ ಮುಗಿಯೋತನಕ ನಿನ್ನ ಹೆಸರು ತೆಗೆಯೂದಿಲ್ಲ. ಅಷ್ಟರಾಗ ಬಾ," ಎಂದು ಹೇಳಿ ಹೋಗಿದ್ದರು. ಯುನಿಫಾರ್ಮನ್ನು ಅವ್ವ ಬೂದಿ ಬಣ್ಣದ ಟ್ರಂಕಿನಲ್ಲಿ ಮಡಿಚಿಟ್ಟಿದ್ದಳು. ನಾನು ಆಗಾಗ ತೆಗೆದು ಮೈಗೆ ಹಿಡಿದು ನೋಡುತ್ತಿದ್ದೆ, ಬೆಳೆದು ಬಿಟ್ಟರೆ ಏನು ಗತಿ ಎಂಬ ಹೆದರಿಕೆಯಿಂದ. ಒಂದು ಸಲ ಅದರ ಕೊರಳಿನಲ್ಲಿ ದಾರ ಕಂಡು ಕತ್ತರಿಸಿಯೂ ಇಟ್ಟೆ.

ಇದೇ ದಿನಗಳಲ್ಲಿ ಯಾವುದೋ ಸಂಸ್ಥೆಯ ಅಕ್ಕಂದಿರು ಬಂದಿದ್ದರು. ಮಕ್ಕಳನ್ನು ದುಡಿಸಬಾರದು ಎಂದು ಅವ್ವನಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದರು. ಅವ್ವ ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸಿ, ನುಣುಪು ಗೋಡೆ ತೋರಿಸಿ, ಚಹಾ ಕೊಟ್ಟಳು. ಅವರು ಹೋಗುವಾಗ ನನ್ನ ಫೋಟೋ ತೆಗೆದರು, ಕಟರು ಕಾಣುವ ಹಾಗೆ ಕೈ ಮೇಲೆತ್ತಿಸಿ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಹಾಗೆಯೇ, "ತಾಯಿಗೆ ಸ್ವಲ್ಪ ಕೈಜೋಡಿಸಿದರೆ ತಪ್ಪೇನು" ಎನ್ನುವವರ ಮೇಲೂ ಸಿಟ್ಟಿದೆ. ಅವರು ಯಾರೂ ಆರ್ಡರಿನ ವಾರದಲ್ಲಿ ನಮ್ಮ ಬಾಗಿಲಲ್ಲಿ ಕೂತು ನೋಡಿಲ್ಲ.

ಅಪ್ಪ ಸುಮ್ಮನೆ ಕೂರುವ ಜಾತಿಯವನಲ್ಲ. ಒಂದು ಮಧ್ಯಾಹ್ನ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅವನೇ ಕಟರು ಹಿಡಿದು ಕೂತಿದ್ದ. ಸಿಮೆಂಟು ತಿಂದ ಆ ಬೆರಳುಗಳಲ್ಲಿ ಕಟರು ಕಾಣಿಸುತ್ತಲೇ ಇರಲಿಲ್ಲ. ಮಗುವಿನ ಫ್ರಾಕೊಂದನ್ನು ತೊಡೆಯ ಮೇಲೆ ಹರವಿಕೊಂಡು, ಉಸಿರು ಹಿಡಿದು, ಒಂದು ದಾರ ಕತ್ತರಿಸಿ ನನ್ನ ಮುಖ ನೋಡಿ ನಕ್ಕ. ಎರಡನೆಯದಕ್ಕೆ ಗುಂಡಿಯ ತೂತನ್ನೇ ಹರಿದ.

ಮಾವಶಿ ಆ ಫ್ರಾಕನ್ನು ಎತ್ತಿ ಹಿಡಿದು, "ಯೇ ಕಿಸ್ನೆ ಕಿಯಾ?" ಎಂದು ಕೇಳಿದಾಗ "ಮೈನೆ," ಎಂದು ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆ. ಅವಳು ಪಗಾರದಲ್ಲಿ ಹಿಡಿದುಕೊಂಡಳು. ಮನೆಗೆ ಬಂದು ಏನೂ ಆಗಲಿಲ್ಲ ಎಂದು ಹೇಳಿದೆ. ಅಪ್ಪ ನಂಬಲಿಲ್ಲ. ಅವನು ಮತ್ತೆ ಕಟರು ಮುಟ್ಟಲಿಲ್ಲ.

ಗೋಡೆಯ ಗೂಟಕ್ಕೆ ಅಪ್ಪನ ಹತ್ಯಾರಿನ ಚೀಲ ತೂಗುಹಾಕಿತ್ತು. ಗಿಲಾವು ಬಳಿಯುವ ಕರಣಿ, ತೂಗುಗುಂಡು, ತೀಡುವ ಹಲಗೆ, ಒಂದು ಸಣ್ಣ ಸುತ್ತಿಗೆ. ವಾರಕ್ಕೊಮ್ಮೆ ಅಪ್ಪ ಅವನ್ನೆಲ್ಲ ಇಳಿಸಿ ಒರೆಸಿ ಮತ್ತೆ ತುಂಬಿಡುತ್ತಿದ್ದ. ಕರಣಿಯ ಹಿಡಿ ಸವೆದು ಜಾರುತ್ತದೆ ಎಂದು ಒಮ್ಮೆ ಹೇಳಿದ. ಓವರ್‌ಲಾಕ್ ಮಷಿನ್ನು ಬಟ್ಟೆಯ ತುದಿಯಲ್ಲಿ ಉದ್ದುದ್ದ ಬಾಲ ಬಿಟ್ಟಿರುತ್ತದೆ. ನಾನು ಅಂಥ ದಾರಗಳನ್ನು ತಿಂಗಳುಗಟ್ಟಲೆ ಕೂಡಿಸಿ, ಕೆಂಪು, ನೀಲಿ, ಹಳದಿ ಸೇರಿಸಿ ಜಡೆ ಹೆಣೆದು, ಆ ಹಿಡಿಗೆ ಬಿಗಿಯಾಗಿ ಸುತ್ತಿದೆ. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಗಾಳಿಯಲ್ಲೇ ಗೋಡೆ ತೀಡಿದ.

"ಇನ್ನ ಜಾರಂಗಿಲ್ಲ ನೋಡವ್ವಾ. ಗೌಂಡಿಗೋಳೆಲ್ಲಾ ಹೊಟ್ಟಿಕಿಚ್ಚ ಪಡ್ತಾರ," ಅಂದ.

ಚಳಿ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಅಪ್ಪ ಸೊಂಟದ ಪಟ್ಟಿ ಬಿಗಿದುಕೊಂಡು, ಚೀಲ ಹೆಗಲಿಗೇರಿಸಿ, ನಾಕಾಕ್ಕೆ ಹೋಗುತ್ತೇನೆ ಎಂದು ಹೊರಟ. ನಾಕಾ ಎಂದರೆ ಕೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಚೌಕ. ಅಲ್ಲಿ ಯಾರನ್ನೂ ಹೆಸರು ಕೇಳಿ ಕರೆದೊಯ್ಯುವುದಿಲ್ಲ. ಗೌಂಡಿ ತನ್ನ ಹತ್ಯಾರು ಮುಂದೆ ಹರವಿಕೊಂಡು ಕೂರಬೇಕು, ಠೇಕೇದಾರ ಬಂದು ಮೊದಲು ಕರಣಿ ನೋಡುತ್ತಾನೆ, ಆಮೇಲೆ ಮನುಷ್ಯನನ್ನು. ಹತ್ಯಾರಿಲ್ಲದವರು ಬಿಗಾರಿಗಳು, ಬುಟ್ಟಿ ಹೊರುವವರು. ಅವರು ಆಚೆ ಬದಿಗೆ ನಿಲ್ಲುತ್ತಾರೆ. ಮೊದಲ ಕೆಲವು ದಿನ ಅಪ್ಪ ಮಧ್ಯಾಹ್ನವೇ ತಿರುಗಿ ಬಂದ. ಎದ್ದು ನಿಲ್ಲುವಾಗ ಅವನು ಎರಡೂ ಕೈಯಿಂದ ನೆಲ ಊರುತ್ತಿದ್ದ. ಅದನ್ನು ನೋಡಿದ ಮೇಲೆ ಯಾವ ಠೇಕೇದಾರ ಕರೆಯುತ್ತಾನೆ?

ಆದರೆ ಒಂದು ಸಂಜೆ ಅವನು ದೀಪ ಹಚ್ಚುವ ಹೊತ್ತಿಗೆ ಬಂದ. ಅಂಗಿಯ ತುಂಬ ಸಿಮೆಂಟಿನ ಚುಕ್ಕೆಗಳು. ಮೊಣಕೈಯಲ್ಲಿ ಒಣಗಿದ ಗಿಲಾವು. ಅವ್ವನ ಕೈಗೆ ನೋಟು ಕೊಟ್ಟು, "ಕೆಲಸ ಸಿಕ್ತ," ಅಂದ. ಅವ್ವ ಬಿಸಿ ನೀರು ಕಾಯಿಸಿದಳು. ಅವನ ಕೈಗೆ ತಾನೇ ನೀರು ಹಾಕಿದಳು. ಆಮೇಲೆ ಸ್ಟೋವಿಗೆ ಗಾಳಿ ಹೊಡೆದು ರೊಟ್ಟಿ ಬಡಿಯಲು ಕೂತಳು. ಮೊದಲ ರೊಟ್ಟಿ ಇಳಿದಾಗ ನಾವೆಲ್ಲ ಅವಳ ಕೈಯನ್ನೇ ನೋಡಿದೆವು. ಅದು ಅಪ್ಪನ ತಟ್ಟೆಗೆ ಹೋಯಿತು. ಅಪ್ಪ ಬಹಳ ಹೊತ್ತು ಅದನ್ನು ನೋಡಿದ, ಆಮೇಲೆ ತಿಂದ. ತಮ್ಮ ಚಪ್ಪಾಳೆ ತಟ್ಟಿದ.

"ನಾಳಿಂದ ನೀ ಸಾಲಿಗೆ ಹೋಗು," ಅಂದಳು ಅವ್ವ ನನಗೆ. "ಬಂಡಲ್ ನಾ ನೋಡ್ಕೋತೀನಿ."

ನನ್ನ ಜೀವನದಲ್ಲಿ ಆಮೇಲೆಯೂ ಒಳ್ಳೆಯ ದಿನಗಳು ಬಂದಿವೆ, ಮದುವೆಯಾಗಿದೆ, ಮಗಳು ಹುಟ್ಟಿದ್ದಾಳೆ. ಆದರೆ ಆ ರಾತ್ರಿ ಯುನಿಫಾರ್ಮನ್ನು ದಿಂಬಿನ ಕೆಳಗಿಟ್ಟು ಮಲಗಿದ ಸುಖ ಮತ್ತೆ ಬಂದಿಲ್ಲ. ಅದು ಬಿಗಿಯಾಗಿತ್ತು, ಆದರೂ ಆಯಿತು. ಬಾಯಿ ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಪಕ್ಕದ ಹುಡುಗಿಯ ಲಂಗದಲ್ಲಿ ದಾರ ಇಳಿಬಿದ್ದದ್ದು ಕಂಡು ನನ್ನ ಕೈ ತಾನಾಗಿ ಹೋಯಿತು, ಕಟರು ಇರಲಿಲ್ಲ, ಹಲ್ಲಿನಿಂದಲೇ ಕಡಿದೆ. ಇಡೀ ವರ್ಗ ನಕ್ಕಿತು, ನಾನೂ ನಕ್ಕೆ.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ತಮ್ಮನ ಕೈ ಹಿಡಿದು ಸಾಲೆಗೆ ಹೋಗುತ್ತಿದ್ದೆ. ದಿನದ ದಾರಿಯಲ್ಲಿ ಗಟಾರದ ಕೆಲಸ ನಡೆದಿತ್ತು, ಹಾಗಾಗಿ ನಾಕಾದ ಕಡೆಯಿಂದ ಸುತ್ತಿ ಬಂದೆವು. ಗೌಂಡಿಗಳು ಸಾಲಾಗಿ ಕೂತಿದ್ದರು, ಮುಂದೆ ಹತ್ಯಾರು. ಅಪ್ಪ ಕಂಡರೆ ಯುನಿಫಾರ್ಮ್ ತೋರಿಸಬೇಕು ಎಂದು ನಾನು ಆ ಸಾಲನ್ನೆಲ್ಲ ನೋಡುತ್ತಾ ಬಂದೆ. ನನ್ನ ಕಣ್ಣಿಗೆ ಬಿದ್ದದ್ದು ಕರಣಿ. ಕೆಂಪು, ನೀಲಿ, ಹಳದಿ ಜಡೆ ಸುತ್ತಿದ ಹಿಡಿ. ಅದರ ಹಿಂದೆ ಕೂತಿದ್ದವನು ಅಪ್ಪ ಅಲ್ಲ. ಯಾರೋ ವಯಸ್ಸಿನ ಹುಡುಗ, ಮೀಸೆ ತಿರುವುತ್ತಾ ಕೂತಿದ್ದ.

ಅಪ್ಪ ರಸ್ತೆಯ ಆಚೆ ಬದಿಗಿದ್ದ, ಬಿಗಾರಿಗಳ ಗುಂಪಿನಲ್ಲಿ, ಖಾಲಿ ಕೈಯಲ್ಲಿ. ಚೀಲ ಮಾತ್ರ ಹೆಗಲಿಗಿತ್ತು. ಠೇಕೇದಾರನೊಬ್ಬ ಬಂದಾಗ ಎಲ್ಲರೂ ಮುನ್ನುಗ್ಗಿದರು, ಅಪ್ಪನೂ ಒಂದು ಹೆಜ್ಜೆ ಮುಂದಿಟ್ಟು ಸೊಂಟ ಹಿಡಿದುಕೊಂಡು ನಿಂತ. ಆಗ ಅವನು ನನ್ನನ್ನು ನೋಡಿದ. ನಾನು ಕರಣಿಯನ್ನು ನೋಡಿದ್ದನ್ನೂ ನೋಡಿದ.

ಕೆಲಸ ಸಿಕ್ಕಿರಲೇ ಇಲ್ಲ. ದಿನಕ್ಕೊಂದು ಹತ್ಯಾರು ಮಾರಿದ್ದ. ಮೊದಲು ಯಾವುದು, ಆಮೇಲೆ ಯಾವುದು ನನಗೆ ಗೊತ್ತಿಲ್ಲ, ಕರಣಿ ಕೊನೆಗೆ ಎಂದು ನಂಬಿಕೊಂಡಿದ್ದೇನೆ. ಯಾವುದೋ ಕಟ್ಟಡದ ಹತ್ತಿರ ನಿಂತು ಅಂಗಿಗೆ ಸಿಮೆಂಟು ಸಿಡಿಸಿಕೊಂಡು ಮನೆಗೆ ಬರುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಪ್ಪ ಕೈ ಕೆಸರಿನ ನಾಟಕ ಆಡಿ ಒಂದು ರೊಟ್ಟಿ ತಿಂದ, ನಾನು ಸಾಲೆಗೆ ಹೋಗಲೆಂದು.

ತಮ್ಮ, "ಅಪ್ಪ ಅಲ್ಲಿ ಅದಾನ," ಎಂದು ಕೈ ಎಳೆದ. "ಅಲ್ಲ, ಬ್ಯಾರೆ ಯಾರೋ," ಎಂದು ಅವನನ್ನು ಎಳೆದುಕೊಂಡು ನಡೆದೆ. ಅವತ್ತು ಬಾಯಿ ಏನು ಪಾಠ ಮಾಡಿದರೋ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಸಂಜೆ ಅವ್ವ ರೊಟ್ಟಿ ಬಡಿದಳು. ಮೊದಲನೆಯದನ್ನು ಅಪ್ಪನ ಕಡೆ ಹಿಡಿದಳು. ಅಪ್ಪ ತಟ್ಟೆ ಸರಿಸಿದ. ಅವ್ವ ಯಾಕೆ ಎಂದು ಕೇಳಲಿಲ್ಲ. ಗೂಟದ ಮೇಲಿನ ಚೀಲದ ಕಡೆಗೂ ನೋಡಲಿಲ್ಲ. ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ ಮುಂದಿನದನ್ನು ಬಡಿಯತೊಡಗಿದಳು. ನಾನು ಎದ್ದು ಯುನಿಫಾರ್ಮನ್ನು ಮಡಿಚಿ ಟ್ರಂಕಿನಲ್ಲಿಟ್ಟು ಬಂದು ಕೂತೆ.

"ಆರ್ತೈತಿ, ತಿನ್ನವ್ವಾ," ಅಂದ ಅಪ್ಪ. ಆ ವಿಷಯವನ್ನು ನಾವು ಮತ್ತೆಂದೂ ಮಾತಾಡಲಿಲ್ಲ.

ಮರುದಿನ ಬಂಡಲ್ ಬಿಚ್ಚಿದೆ. ವರ್ಷ ಮುಗಿಯಿತು, ಹೆಸರು ತೆಗೆದರು. ಬೆರಳು ದಪ್ಪಗಾದ ಮೇಲೆ ಕಾರಖಾನೆಯಲ್ಲೇ ಮಡಿಕೆ ಹಾಕುವ ಟೇಬಲ್ಲಿಗೆ ಹೋದೆ, ಅಲ್ಲಿಂದ ಮಷಿನ್ನಿಗೆ. ತಮ್ಮ ಓದಿದ, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಳ್ಳೆಯ ನೌಕರಿ ಹಿಡಿದ, ಅಪ್ಪ, ಅವ್ವ ಇಬ್ಬರನ್ನೂ ಅಲ್ಲಿಗೇ ಕರೆಸಿಕೊಂಡ. ನಾನು ಮದುವೆಯಾಗಿ ಮುಲುಂಡಿಗೆ ಬಂದೆ. ಈಗ ಮನೆಯಲ್ಲೇ ನಾಲ್ಕು ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಸುತ್ತೇನೆ. ನನ್ನ ಕನ್ನಡ ಐದನೇ ಇಯತ್ತೆಯ ಕನ್ನಡ, ಉಳಿದದ್ದು ಸಾಮಾನು ಕಟ್ಟಿ ಬಂದ ಕಾಗದದಿಂದ ಹಿಡಿದು ಸಿಕ್ಕಿದ್ದೆಲ್ಲ ಓದಿ ಕೂಡಿಸಿಕೊಂಡದ್ದು. ನನ್ನ ಮನೆಯಲ್ಲಿ ಮೊದಲ ರೊಟ್ಟಿ ಮಗಳಿಗೆ. ಅವಳು ಒಂದು ಕಡ್ಡಿಯನ್ನೂ ಆಚೆಯಿಂದ ಈಚೆ ಇಡುವುದಿಲ್ಲ, ಸಾಲೆಗೆ ಹೋಗುತ್ತಾಳೆ, ಬರುತ್ತಾಳೆ, "ಮಮ್ಮಿ, ಪೆಹಲಾ ವಾಲಾ ಮುಝೆ," ಅನ್ನುತ್ತಾಳೆ. ನಾನು ಹಾಕುತ್ತೇನೆ.

ಅಪ್ಪ ನನ್ನ ಮನೆಗೆ ಬಂದಾಗೆಲ್ಲ ಅವನ ತಟ್ಟೆಗೆ ಮೊದಲನೆಯದನ್ನು ಹಾಕಲು ನೋಡುತ್ತಿದ್ದೆ. ಅವನು ಸರಿಸುತ್ತಿದ್ದ. ಬೈದೆ, ಅತ್ತೆ, ಒಮ್ಮೆ ಕದ್ದು ಎರಡನೆಯದರ ಕೆಳಗೆ ಮುಚ್ಚಿ ಕೊಟ್ಟೆ. ಗುರುತು ಹಿಡಿದು ತೆಗೆದು ಮೊಮ್ಮಗಳ ತಟ್ಟೆಗಿಟ್ಟ. ಮಗ ದುಡಿಯುವ ಮನೆಯಲ್ಲೂ ಅಷ್ಟೇ. ಕೈ ನಡುಗುವ ವಯಸ್ಸಿನಲ್ಲೂ ಎರಡನೆಯ ರೊಟ್ಟಿಗೇ ಕಾಯುತ್ತಿದ್ದ.

ಹೋದ ಸಲ ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆಗೆ ಕಾಂದಿವಲಿಗೆ ಹೋದೆ. ಅಪ್ಪ ಹೋದ ಮೇಲೆ ಅದು ಮೊದಲನೆಯದು. ಫೋಟೋದ ಮುಂದೆ ತಟ್ಟೆ ಇಟ್ಟಿತ್ತು. ಅವ್ವ ಯಾರನ್ನೂ ಒಲೆಯ ಹತ್ತಿರ ಬಿಡದೆ ತಾನೇ ರೊಟ್ಟಿ ಬಡಿಯುತ್ತಿದ್ದಳು, ಅದೇ ಹಂಚು. ನಾನು ಪಕ್ಕದಲ್ಲಿ ಕೂತಿದ್ದೆ. ಇಷ್ಟು ವರ್ಷಗಳಲ್ಲಿ ಕೇಳದಿದ್ದದ್ದನ್ನು ಅಂದು ಕೇಳಿದೆ, ಆ ಸಂಜೆ ಅಪ್ಪ ತಟ್ಟೆ ಸರಿಸಿದಾಗ ಯಾಕೆ ಅಂತ ನೀನು ಕೇಳಲಿಲ್ಲವಲ್ಲ ಎಂದು.

ಅವ್ವ ಹಿಟ್ಟಿನಿಂದ ಕಣ್ಣೆತ್ತಲಿಲ್ಲ.

"ನನಗ ಮೊದಲನೇ ದಿನಾನ ಗೊತ್ತಿತ್ತ. ಕೈಗೆ ನೀರ ಹಾಕಾಕತ್ತಿದ್ನೆಲ್ಲ, ಉಗುರಾಗ ಸಿಮೆಂಟ ಇರಲಿಲ್ಲ. ಗಿಲಾವ ಮಾಡಿದವ್ರ ಉಗುರು ಹಂಗಿರ್ತಾವೇನು?"

"ಮತ್ತ ಸಾಲಿಗೆ ಯಾಕ ಕಳಿಸಿದಿ?"

"ಚೀಲ ಹಗೂರ ಆಗಿತ್ತ, ಹತ್ಯಾರ ಹೋಗೇ ಬಿಟ್ಟಿದ್ದು. ಅದರ ಬದಲಿ ನಾಕ ದಿನಾರೆ ಆತ ರೊಟ್ಟಿ ತಿನ್ಲಿ, ನೀ ಸಾಲಿ ನೋಡು ಅಂದೆ."

ನನ್ನ ಮಗಳು ಹಂಚಿನ ಹತ್ತಿರ ಬಂದು ವಾಡಿಕೆಯಂತೆ ಕೈ ಚಾಚಿದಳು. ಅವ್ವ ಅವಳನ್ನು ಮೊಣಕೈಯಿಂದ ಹಿಂದಕ್ಕೆ ಸರಿಸಿ, ಮೊದಲ ರೊಟ್ಟಿ ಇಳಿಸಿ, ಎದ್ದು ಹೋಗಿ ಎಡೆಯ ತಟ್ಟೆಗೆ ಹಾಕಿದಳು.

"ಇವತ್ತ ಒಲ್ಲೆ ಅನ್ನಂಗಿಲ್ಲ ನಿಮ್ಮಪ್ಪ," ಅಂದಳು.

ನಾನು ಆ ತಟ್ಟೆಯನ್ನೇ ನೋಡುತ್ತಾ ನಿಂತೆ. ಎಲ್ಲಿಂದಾದರೂ ಆ ದಪ್ಪ ಬೆರಳುಗಳು ಬಂದು ಅದನ್ನು ನನ್ನ ಕಡೆ ಸರಿಸುತ್ತವೆ ಎಂದು ಮನಸ್ಸು ಕಾಯುತ್ತಿತ್ತು. ರೊಟ್ಟಿ ಅಲ್ಲೇ ಆರಿತು. ಅವ್ವ ಎರಡನೆಯದನ್ನು ಬಡಿಯತೊಡಗಿದಳು, ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.